ಕುಗ್ಗದ ಗುರುತ್ವ

ನ್ಯೂಜಿಲೆಂಡ್‌ನ ವೆಲಿಂಗ್ಟನ್ ನಗರದ ವೇಟಾ ವರ್ಕ್‌ಷಾಪ್ ಚಲನಚಿತ್ರಗಳಿಗೆ ಕಿರುಮಾದರಿಗಳನ್ನು ತಯಾರಿಸಿ ಹೆಸರಾದ ಕಾರ್ಯಾಗಾರ. 2001ರಿಂದ 2003ರವರೆಗೆ ತೆರೆಕಂಡ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರಗಳ ಕೋಟೆ, ಗೋಪುರಗಳ ಮಾದರಿಗಳು ಇಲ್ಲಿ ಸಿದ್ಧವಾದವು. ಇಂಥ ಕಾರ್ಯಾಗಾರಕ್ಕೆ ಹೋದರೆ ನೀವು ಮೊದಲು ಗಮನಿಸುವುದು ಕೈಕೆಲಸದ ನಯವನ್ನು. ಆದರೆ ಮಾದರಿ ಎಷ್ಟೇ ನಯವಾಗಿದ್ದರೂ ಅದು ಕುಸಿದು ಬೀಳುವಾಗ ಆಟಿಕೆಯಂತೆ ಕಾಣಬಹುದು. ಏಕೆ?

20 ಮೀಟರ್ ಎತ್ತರದ ಗೋಪುರದಿಂದ ಕಲ್ಲೊಂದು ನೆಲಕ್ಕೆ ಬೀಳಲು ಸುಮಾರು 2 ಸೆಕೆಂಡು ಬೇಕು. ಅದರ 1:25 ಪ್ರಮಾಣದ ಮಾದರಿಯ ಎತ್ತರ 80 ಸೆಂಟಿಮೀಟರ್. ಅಲ್ಲಿಂದ ಬೀಳಲು 0.4 ಸೆಕೆಂಡು ಸಾಕು. ಮಾದರಿಯನ್ನು ಕುಗ್ಗಿಸಬಹುದು, ಗುರುತ್ವವನ್ನು ಕುಗ್ಗಿಸಲಾಗದು. ಬೀಳುವ ಕಾಲ ಎತ್ತರದ ವರ್ಗಮೂಲವನ್ನು ಅನುಸರಿಸುವುದರಿಂದ, ಎತ್ತರ 25 ಪಟ್ಟು ಕಡಿಮೆಯಾದಾಗ ಕಾಲ 5 ಪಟ್ಟು ಕಡಿಮೆಯಾಗುತ್ತದೆ. ಆದ್ದರಿಂದ ಸೆಕೆಂಡಿಗೆ 120 ಫ್ರೇಮ್‌ಗಳಂತೆ ಚಿತ್ರೀಕರಿಸಿ, 24ರಂತೆ ತೋರಿಸುತ್ತಾರೆ. ಆಗ ಪತನ ಮತ್ತೆ 2 ಸೆಕೆಂಡಿನದಾಗುತ್ತದೆ.

ನೀರಿಗೆ ಈ ಉಪಾಯ ಸಾಲದು. ಹನಿಯ ಗಾತ್ರಕ್ಕೆ ಮೇಲ್ಮೈ ಎಳೆತ ಕಾರಣ. ಮಾದರಿ ಚಿಕ್ಕದಾಯಿತೆಂದು ಹನಿ ಚಿಕ್ಕದಾಗದು. 1:25 ಪ್ರಮಾಣದ ಹಡಗಿನ ಪಕ್ಕ ಚಿಮ್ಮಿದ 4 ಮಿಲಿಮೀಟರ್ ಹನಿ, ತೆರೆಯ ಮೇಲೆ 10 ಸೆಂಟಿಮೀಟರಿನ ಉಂಡೆಯಂತೆ ಕಂಡು ಗುಟ್ಟು ರಟ್ಟಾಗುತ್ತದೆ. ನೀರಿನ ದೃಶ್ಯಗಳಿಗೆ ಆದಷ್ಟು ದೊಡ್ಡ ಮಾದರಿಗಳನ್ನೇ ಕಟ್ಟುವುದು ಇದಕ್ಕಾಗಿ.

ತರಗತಿಯಲ್ಲಿ ಮೇಜಿನಿಂದ ಬೀಳುವ ಸೀಮೆಸುಣ್ಣವನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿ, 4 ಪಟ್ಟು ನಿಧಾನವಾಗಿ ತೋರಿಸಿ. ಮೇಜು ಎಷ್ಟು ಪಟ್ಟು ಎತ್ತರವಿದ್ದಂತೆ ಕಾಣಬೇಕು? ವಿದ್ಯಾರ್ಥಿಗಳೇ ಲೆಕ್ಕ ಹಾಕಲಿ.