ಗುಮಾಸ್ತ ಇಳಿದ ಮೆಟ್ಟಿಲುಗಳು

1911ರ ಜನಗಣತಿಯ ಲೆಕ್ಕದಲ್ಲಿ ಬ್ರಿಟನ್ನಿನ ಕಚೇರಿ ಗುಮಾಸ್ತ ಒಂದನೇ ವರ್ಗದವನು. ವಕೀಲರು, ವೈದ್ಯರ ಸಾಲಿನಲ್ಲೇ ಅವನಿಗೂ ಜಾಗ. 1921ರಲ್ಲಿ ಎರಡನೇ ವರ್ಗಕ್ಕೆ ಇಳಿದ, 1931ರಲ್ಲಿ ಮೂರನೆಯದಕ್ಕೆ. ಅವನ ಮೇಜು, ಲೆಡ್ಜರು ಇದ್ದಲ್ಲೇ ಇದ್ದವು. ಬದಲಾದದ್ದು ಎಣಿಸುವವರ ಪಟ್ಟಿ.

ಆ ಪಟ್ಟಿ ಕಟ್ಟಿದವರು ಟಿ.ಎಚ್.ಸಿ. ಸ್ಟೀವನ್ಸನ್. ಓದಿದ್ದು ವೈದ್ಯಕೀಯ, ಜನನ ಮರಣ ದಾಖಲಿಸುವ ಸರ್ಕಾರಿ ಕಚೇರಿಯಲ್ಲಿ ಅಂಕಿಅಂಶದ ಹೊಣೆ. ಬಡವರ ವಂಶವೇ ದುರ್ಬಲ, ಅವರ ಮಕ್ಕಳು ಸಾಯುವುದಕ್ಕೆ ಅದೇ ಕಾರಣ ಎಂದು ಸುಪ್ರಜನನವಾದಿಗಳು ಅಬ್ಬರಿಸುತ್ತಿದ್ದ ಕಾಲವದು. ಅಲ್ಲ, ಕೊಳಕು ಕೇರಿ, ಇಕ್ಕಟ್ಟಿನ ಮನೆ ಕಾರಣ ಎನ್ನುವವರೂ ಇದ್ದರು. ಹಾಗಾಗಿ 1911ರ ಗಣತಿಯಲ್ಲಿ, ಮದುವೆಯಾದ ಹೆಂಗಸರ ಬಗ್ಗೆ ಹೊಸ ಪ್ರಶ್ನೆಗಳು ಬಂದವು: ಮದುವೆಯಾಗಿ ಎಷ್ಟು ವರ್ಷ? ಹೆತ್ತದ್ದೆಷ್ಟು? ಉಳಿದದ್ದೆಷ್ಟು?

ಯಾರ ಆದಾಯವನ್ನೂ ಕೇಳಲಿಲ್ಲ. ಕಸುಬಿನ ಹೆಸರೇ ಅಳತೆಗೋಲು. ಐದು ಮೆಟ್ಟಿಲು, ಅದರ ಪಕ್ಕದಲ್ಲಿ ಗಿರಣಿ ಕೆಲಸಗಾರರು, ಗಣಿ ಕಾರ್ಮಿಕರು, ಹೊಲದ ಕೂಲಿಗಳು ಬೇರೆ ಬೇರೆಯಾಗಿ. ಆ ವರ್ಷದ ಶಿಶುಮರಣಗಳನ್ನು ಅಪ್ಪನ ಕಸುಬು ನೋಡಿ ಇದೇ ಪಟ್ಟಿಗೆ ಹೊಂದಿಸಿದರು. ಹುಟ್ಟಿದ 1000 ಕೂಸುಗಳಲ್ಲಿ ವರ್ಷ ತುಂಬುವ ಮೊದಲೇ ಸತ್ತದ್ದು ಒಂದನೇ ವರ್ಗದಲ್ಲಿ ಸುಮಾರು 76, ಐದನೆಯದರಲ್ಲಿ 153, ಗಣಿಯವರ ಮನೆಗಳಲ್ಲಿ 160. ಈ ಮೂರು ಅಂಕಿಗಳಿಗಾಗಿ ಸ್ಟೀವನ್ಸನ್ನರ ಮೇಲೆ ನನಗೆ ಗೌರವವಿದೆ.

ಆದರೆ ಆ ಕೂಸುಗಳ ತಾಯಿ? ಅವಳು ತಾನೇ ಮಗ್ಗದ ಮುಂದೆ ನಿಂತು ದುಡಿದರೂ ಆ ಲೆಕ್ಕದಲ್ಲಿ ಅವಳದು ಗಂಡನ ವರ್ಗ. ನಮ್ಮ ಮನೆಗೆ ಜನಗಣತಿಗೆಂದು ಬಂದಿದ್ದ ಮೇಷ್ಟ್ರು ಜಗಲಿಯ ಮೇಲೆ ಕೂತು ಅಪ್ಪನ ಕೆಲಸದ ಬಗ್ಗೆ ನಾಲ್ಕಾರು ಪ್ರಶ್ನೆ ಕೇಳಿದ್ದು, ಅಮ್ಮನದಕ್ಕೆ ‘ಮನೆಗೆಲಸ’ ಎಂದಷ್ಟೇ ಬರೆದು ಹಾಳೆ ಮಗುಚಿದ್ದು ನೆನಪಿದೆ. ಅವರಿಗೆ ಕಾಫಿ ಕೊಟ್ಟ ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಮತ್ತೆ ಕೊಟ್ಟಿಗೆಗೆ ಹೋದಳು.

ಬ್ರಿಟನ್ನಿನ ಏಣಿ ಆಮೇಲೆ ಹಲವು ಸಲ ರಿಪೇರಿಯಾಯಿತು. 1971ರ ಹೊತ್ತಿಗೆ ಮೂರನೇ ವರ್ಗವನ್ನು ಎರಡಾಗಿ ಸೀಳಿ, ಕೈಕೆಲಸದವರನ್ನು ಗುಮಾಸ್ತರಿಂದ ಬೇರೆ ಮಾಡಿದರು. 2001ರ ಗಣತಿಗೆ ಹಳೆಯದನ್ನು ಪೂರ್ತಿ ಬಿಟ್ಟು, ಕೆಲಸಕ್ಕೆ ಭದ್ರತೆ ಇದೆಯೇ, ಬಡ್ತಿಗೆ ದಾರಿ ಇದೆಯೇ, ಸ್ವಂತ ಉದ್ಯೋಗವೇ ಎಂದು ನೋಡುವ ಹೊಸ ವರ್ಗೀಕರಣ ತಂದರು.

ಆ ಏಣಿ ಮೊದಲು ಕಟ್ಟಿದ ಗಣತಿಯಲ್ಲೇ ಎಣಿಕೆಯನ್ನು ಧಿಕ್ಕರಿಸಿದ ಹೆಂಗಸರೂ ಇದ್ದರು. 1911ರ ಏಪ್ರಿಲ್ 2, ಗಣತಿಯ ರಾತ್ರಿ. ಮತದ ಹಕ್ಕಿಲ್ಲದ ಮೇಲೆ ನಮ್ಮನ್ನು ಎಣಿಸಲೂಬೇಡಿ ಎಂದು ಎಷ್ಟೋ ಹೆಂಗಸರು ಆ ರಾತ್ರಿಯನ್ನು ಮನೆ ಬಿಟ್ಟು ಹೊರಗೆ ಕಳೆದರು. ಮತದ ಹಕ್ಕಿನ ಹೋರಾಟಗಾರ್ತಿ ಎಮಿಲಿ ಡೇವಿಸನ್ ಮಾತ್ರ ಸಂಸತ್ತು ಸೇರುವ ವೆಸ್ಟ್‌ಮಿನ್‌ಸ್ಟರ್ ಅರಮನೆಯ ನೆಲಮಾಳಿಗೆಯ ಪ್ರಾರ್ಥನಾ ಮಂದಿರಕ್ಕೆ ಹೋಗಿ, ಪೊರಕೆಗಳನ್ನಿಡುವ ಕಪಾಟಿನಲ್ಲಿ ಅಡಗಿದರು. ಆ ರಾತ್ರಿಯ ತಮ್ಮ ವಿಳಾಸ ಸಂಸತ್ತು ಎಂದು ಬರೆಸುವುದು ಅವರ ಉದ್ದೇಶ. ಅಲ್ಲಿ ಅವರನ್ನು ಪತ್ತೆ ಮಾಡಿ ಹೆಸರು ಬರೆದುಕೊಂಡರು. ಬಾಡಿಗೆಗಿದ್ದ ಮನೆಯ ಹಾಳೆಯಲ್ಲೂ ಅದೇ ಹೆಸರು ಇನ್ನೊಮ್ಮೆ ಇದೆ.