ಹವ್ಯಾಸಿ ಕಿರುಚಿತ್ರಕ್ಕೆ ಅಭಿಪ್ರಾಯ: ಹೇಳುವ ಬಗೆ, ಕೇಳುವ ಬಗೆ

ಕಿರುಚಿತ್ರವೊಂದನ್ನು ತಯಾರಿಸುವುದು ಇಂದು ಮೊದಲಿನಷ್ಟು ಕಷ್ಟದ ಕೆಲಸವಲ್ಲ. ಜೇಬಿನಲ್ಲಿರುವ ಫೋನೇ ಕ್ಯಾಮೆರಾ ಆಗುತ್ತದೆ. ಸಂಕಲನದ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ನಟಿಸಲು ಗೆಳೆಯರೂ ಮನೆಯವರೂ ಇದ್ದೇ ಇರುತ್ತಾರೆ. ಸ್ವೀಡನ್ನಿನಂತಹ ನಾಡಿನಲ್ಲಿ, ಮಧ್ಯಾಹ್ನ ಮೂರಕ್ಕೇ ಕತ್ತಲಾಗುವ ಚಳಿಗಾಲದ ವಾರಾಂತ್ಯಗಳಲ್ಲಿ, ಇಂತಹ ಹವ್ಯಾಸಕ್ಕೆ ಸಮಯಕ್ಕೂ ಕೊರತೆಯಿಲ್ಲ. ನಿಜವಾದ ಕಷ್ಟ ಆರಂಭವಾಗುವುದು ಚಿತ್ರ ಮುಗಿದು ದೀಪ ಹೊತ್ತಿಕೊಂಡಾಗ. ನೋಡಿದವರು ಏನು ಹೇಳಬೇಕು? ಮಾಡಿದವರು ಅದನ್ನು ಹೇಗೆ ಕೇಳಿಸಿಕೊಳ್ಳಬೇಕು? ಈ ಲೇಖನದ ವಿಷಯ ಅದು.

ನಾನು ಚಿತ್ರರಂಗದವನಲ್ಲ, ವೈದ್ಯ. ಆದರೆ ನಮ್ಮ ವೃತ್ತಿಯಲ್ಲಿಯೂ ಇದಕ್ಕೆ ಬಹಳ ಹತ್ತಿರವಾದ ಕೆಲಸವೊಂದಿದೆ. ತರಬೇತಿಯಲ್ಲಿರುವ ಕಿರಿಯ ವೈದ್ಯರು ರೋಗಿಯೊಡನೆ ನಡೆಸಿದ ಮಾತುಕತೆಯನ್ನು, ರೋಗಿಯ ಒಪ್ಪಿಗೆ ಪಡೆದು, ವಿಡಿಯೊದಲ್ಲಿ ಚಿತ್ರೀಕರಿಸಿ, ಅನಂತರ ಹಿರಿಯರೊಡನೆ ಕುಳಿತು ನೋಡಿ ಚರ್ಚಿಸುವ ಪದ್ಧತಿ ಅದು. ಅಲ್ಲಿ ಕಲಿತದ್ದನ್ನೂ, ಇಲ್ಲಿನ ಕನ್ನಡ ಗೆಳೆಯರ ಕಿರುಚಿತ್ರಗಳ ಮೊದಲ ಪ್ರದರ್ಶನಗಳಲ್ಲಿ ಕುಳಿತು ಕಂಡದ್ದನ್ನೂ ಸೇರಿಸಿ ನಾಲ್ಕು ಮಾತು ಬರೆಯುತ್ತಿದ್ದೇನೆ.

ಎರಡು ಬಗೆಯ ಮಾತು

ನಮ್ಮ ಕೂಟಗಳಲ್ಲಿ ಸಾಮಾನ್ಯವಾಗಿ ಕೇಳಿಬರುವುದು ಎರಡೇ ಬಗೆಯ ಅಭಿಪ್ರಾಯ. ಒಂದು, "ಸೂಪರ್, ತುಂಬಾ ಚೆನ್ನಾಗಿದೆ." ಮತ್ತೊಂದು, ಒಂದೇ ಉಸಿರಿನಲ್ಲಿ ಹೇಳಿಬಿಡುವ ತಪ್ಪುಗಳ ಪಟ್ಟಿ. ಮೊದಲನೆಯದರಿಂದ ಮಾಡಿದವರಿಗೆ ಒಂದು ಸಂಜೆಯ ಸಂತೋಷ ಸಿಗುತ್ತದೆ, ಕಲಿಯಲು ಏನೂ ಸಿಗುವುದಿಲ್ಲ. ಎರಡನೆಯದರಿಂದ ಕಲಿಯಲು ಏನಾದರೂ ಸಿಗಬಹುದಿತ್ತು. ಆದರೆ ಅದನ್ನು ಹೆಕ್ಕಿಕೊಳ್ಳುವಷ್ಟು ಸ್ಥೈರ್ಯ ಆ ಹೊತ್ತಿನಲ್ಲಿ ಯಾರಿಗೂ ಇರುವುದಿಲ್ಲ.

ಸ್ವೀಡನ್ನಿನ ರೀತಿನೀತಿಗಳೂ ಇಲ್ಲಿ ನಮ್ಮ ಮೇಲೆ ಪ್ರಭಾವ ಬೀರುತ್ತವೆ. ಇಲ್ಲಿನವರು ಎದುರಾಎದುರು ಭಿನ್ನಾಭಿಪ್ರಾಯ ಹೇಳಲು ಹಿಂಜರಿಯುತ್ತಾರೆ. ತಾನೇ ಮುಂದೆ ನಿಂತು ಮೆರೆಯುವವರನ್ನೂ ಅಷ್ಟಾಗಿ ಮೆಚ್ಚುವುದಿಲ್ಲ. ಡೆನ್ಮಾರ್ಕಿನಲ್ಲಿ ಹುಟ್ಟಿದ ಲೇಖಕ ಆಕ್ಸೆಲ್ ಸಾಂಡೆಮೂಸೆ 1933ರ ತನ್ನ ಕಾದಂಬರಿಯೊಂದರಲ್ಲಿ ಈ ಮನೋಭಾವವನ್ನು 'ಯಾಂಟೆ ನಿಯಮ'ವೆಂದು ಹೆಸರಿಸಿ ವಿಡಂಬಿಸಿದ. ನೀನು ವಿಶೇಷ ವ್ಯಕ್ತಿಯೆಂದು ಎಣಿಸಬೇಡ ಎಂಬುದು ಅದರ ತಿರುಳು. ನಮ್ಮ ದಾಕ್ಷಿಣ್ಯವೂ ಇವರ ಮೌನವೂ ಸೇರಿದಾಗ, ಚಿತ್ರ ಮಾಡಿದವರ ಕೈಗೆ ಬರುವುದು ಒಂದು ಲೋಟ ಕಾಫಿ, ಒಂದು ಮುಗುಳ್ನಗೆ, ಅಷ್ಟೆ.

ಇದರಿಂದಾಗುವ ನಷ್ಟ ಸಣ್ಣದಲ್ಲ. ಹೊರನಾಡಿನಲ್ಲಿ ಕನ್ನಡ ಚಿತ್ರ ಮಾಡುವವರೇ ಕೆಲವರು. ಮೊದಲ ಚಿತ್ರಕ್ಕೆ ಬರಿದಾದ ಹೊಗಳಿಕೆಯನ್ನೋ ಚುಚ್ಚುಮಾತನ್ನೋ ಕೇಳಿದವರು ಅನೇಕ ವೇಳೆ ಎರಡನೆಯ ಚಿತ್ರಕ್ಕೆ ಕೈಹಾಕುವುದಿಲ್ಲ. ಇಲ್ಲಿಯೇ ಬೆಳೆದ ಮಗುವೊಂದು ಕನ್ನಡದಲ್ಲಿ ನಟಿಸಿದಾಗ ಅದರ ಉಚ್ಚಾರಕ್ಕೆ ಸಭೆ ನಕ್ಕರೆ, ಆ ಮಗು ನಟಿಸುವುದನ್ನು ಮಾತ್ರವಲ್ಲ, ನಾಲ್ಕು ಜನರೆದುರು ಕನ್ನಡ ಮಾತನಾಡುವುದನ್ನೇ ನಿಲ್ಲಿಸಬಹುದು.

ಲಕ್ಷಣವೇ ಬೇರೆ, ರೋಗನಿದಾನವೇ ಬೇರೆ

ಹೃದಯಾಘಾತವಾದ ರೋಗಿ ಎಡತೋಳು ನೋಯುತ್ತಿದೆ ಎನ್ನಬಹುದು. ಪಿತ್ತಕೋಶದ ತೊಂದರೆ ಬಲಭುಜದ ನೋವಾಗಿ ಕಾಣಿಸಿಕೊಳ್ಳಬಹುದು. ಒಂದೆಡೆಯ ತೊಂದರೆ ಮತ್ತೊಂದೆಡೆ ನೋವಾಗಿ ತೋರುವ ಇದನ್ನು ವೈದ್ಯಶಾಸ್ತ್ರದಲ್ಲಿ 'ರೆಫರ್ಡ್ ಪೇನ್' ಎನ್ನುತ್ತಾರೆ. ರೋಗಿ ಸುಳ್ಳು ಹೇಳುತ್ತಿಲ್ಲ. ನೋವು ಅಲ್ಲಿಯೇ ಇದೆ. ಆದರೆ ತೋಳಿಗೆ ಎಣ್ಣೆ ತಿಕ್ಕಿದರೆ ಹೃದಯ ಸರಿಹೋಗದು.

'ಅಪೊಕ್ಯಾಲಿಪ್ಸ್ ನೌ' ಮೊದಲಾದ ಚಿತ್ರಗಳಲ್ಲಿ ಕೆಲಸ ಮಾಡಿದ ಅಮೆರಿಕದ ಸಂಕಲನಕಾರ ವಾಲ್ಟರ್ ಮರ್ಚ್ ತನ್ನ 'ಇನ್ ದ ಬ್ಲಿಂಕ್ ಆಫ್ ಆನ್ ಐ' ಪುಸ್ತಕದಲ್ಲಿ ಪರೀಕ್ಷಾರ್ಥ ಪ್ರದರ್ಶನಗಳ ಬಗ್ಗೆ ಬರೆಯುತ್ತ ಇದೇ ಹೋಲಿಕೆಯನ್ನು ಬಳಸುತ್ತಾನೆ. ಪ್ರೇಕ್ಷಕರಿಗೆ ಒಂದು ದೃಶ್ಯ ಹಿಡಿಸಲಿಲ್ಲವೆಂದ ಮಾತ್ರಕ್ಕೆ ದೋಷ ಆ ದೃಶ್ಯದಲ್ಲಿಯೇ ಇದೆಯೆಂದಲ್ಲ. ಅದಕ್ಕೆ ಬೇಕಾದ ಸಂಗತಿಯನ್ನು ಹಿಂದೆಲ್ಲೋ ಹೇಳದೆ ಬಿಟ್ಟಿರಬಹುದು.

ಒಂದು ಕಲ್ಪಿತ ಉದಾಹರಣೆ ನೋಡೋಣ. ಗೋಥೆನ್‌ಬರ್ಗಿನಲ್ಲಿರುವ ಮಗ, ಶಿವಮೊಗ್ಗದಲ್ಲಿರುವ ತಾಯಿ. ಹತ್ತು ನಿಮಿಷದ ಚಿತ್ರ. ಕೊನೆಯಲ್ಲಿ ತಾಯಿಯ ಫೋನು ಬರುತ್ತದೆ, ಮಗ ಎತ್ತದೆ ನೋಡುತ್ತ ನಿಲ್ಲುತ್ತಾನೆ. ನೋಡಿದವರೆಲ್ಲರೂ "ಕೊನೆ ಎಳೆದಂತಾಯಿತು, ಕತ್ತರಿಸಿ" ಎನ್ನುತ್ತಾರೆ. ನಿರ್ದೇಶಕ ಆ ದೃಶ್ಯದ ನಲವತ್ತು ಸೆಕೆಂಡನ್ನು ಹದಿನೈದಕ್ಕೆ ಇಳಿಸುತ್ತಾನೆ; ಚಿತ್ರ ಈಗ ಇನ್ನಷ್ಟು ಪೇಲವ. ತಾಯಿ ಮನೆಯಲ್ಲಿ ಒಬ್ಬಳೇ ಇದ್ದಾಳೆಂಬ ಸಂಗತಿ ಮೊದಲ ಎರಡು ನಿಮಿಷದಲ್ಲಿ ತಿಳಿಯದಿದ್ದುದೇ ಮೂಲ ತೊಂದರೆ. ಅದು ತಿಳಿದಿದ್ದರೆ ಅದೇ ನಲವತ್ತು ಸೆಕೆಂಡು ನೋಡುಗರನ್ನು ಕಟ್ಟಿಹಾಕುತ್ತಿತ್ತು.

ಆದ್ದರಿಂದ ನನ್ನ ಮುಖ್ಯ ಮಾತು ಇಷ್ಟು: ನೋಡುಗರು ಹೇಳುವುದು ಲಕ್ಷಣ. ಅದನ್ನು ನಂಬಬೇಕು. ರೋಗನಿದಾನವೂ ಚಿಕಿತ್ಸೆಯೂ ಚಿತ್ರ ಮಾಡಿದವರ ಕೆಲಸ. "ಇಲ್ಲಿ ನನಗೆ ಬೇಸರವಾಯಿತು" ಎಂಬುದು ಅಲ್ಲಗಳೆಯಲಾಗದ ಸಾಕ್ಷ್ಯ. "ಇಲ್ಲಿ ಹಾಡು ಹಾಕಬೇಕಿತ್ತು" ಎಂಬುದು ಕೇವಲ ಸಲಹೆ. ಹೇಳುವವರು ಮೊದಲನೆಯದನ್ನು ಉದಾರವಾಗಿಯೂ ಎರಡನೆಯದನ್ನು ಜಿಪುಣತನದಿಂದಲೂ ಕೊಡುವುದು ಒಳ್ಳೆಯದು.

ಬರ್ಗ್‌ಮನ್‌ಗೆ ದೊರೆತ ಸಲಹೆ

ಒಳ್ಳೆಯ ಅಭಿಪ್ರಾಯ ಹೇಗಿರುತ್ತದೆಂಬುದಕ್ಕೆ ಸ್ವೀಡನ್ನಿನ ಚಿತ್ರರಂಗದಲ್ಲಿಯೇ ಒಂದು ಸೊಗಸಾದ ನಿದರ್ಶನವಿದೆ. 1945ರಲ್ಲಿ ಇಂಗ್ಮಾರ್ ಬರ್ಗ್‌ಮನ್ ತನ್ನ ಮೊದಲ ಚಿತ್ರ 'ಕ್ರಿಸ್' ಅನ್ನು ನಿರ್ದೇಶಿಸುತ್ತಿದ್ದ. ವಯಸ್ಸು ಇಪ್ಪತ್ತೇಳು, ಅನುಭವ ಸಾಲದು, ಸಿಟ್ಟು ಧಾರಾಳ. ಸ್ಟಾಕ್‌ಹೋಮ್ ಪಕ್ಕದ ರೋಸುಂಡ ಸ್ಟುಡಿಯೊದಲ್ಲಿ ಆಗ ಕಲಾ ಸಲಹೆಗಾರನಾಗಿದ್ದವನು ವಿಕ್ಟರ್ ಶೋಸ್ಟ್ರಮ್. 1921ರ 'ದ ಫ್ಯಾಂಟಮ್ ಕ್ಯಾರೇಜ್' ಎಂಬ ಮೂಕಿ ಚಿತ್ರದಿಂದ ಜಗತ್ಪ್ರಸಿದ್ಧನಾಗಿ, ಹಾಲಿವುಡ್ಡಿನಲ್ಲಿಯೂ ಕೆಲಸ ಮಾಡಿ ಹಿಂದಿರುಗಿದ್ದ ಹಿರಿಯ.

ಬರ್ಗ್‌ಮನ್ ತನ್ನ ಆತ್ಮಕಥೆ 'ಲಟೇರ್ನಾ ಮ್ಯಾಜಿಕಾ'ದಲ್ಲಿ (1987) ನೆನೆಯುವಂತೆ, ಶೋಸ್ಟ್ರಮ್ ಅವನ ಕತ್ತಿನ ಮೇಲೆ ಕೈಯಿಟ್ಟು ಸ್ಟುಡಿಯೊದ ಹೊರಗೆ ನಡೆಸಿಕೊಂಡು ಹೋಗುತ್ತಿದ್ದ. ಬಹಳ ಹೊತ್ತು ಮೌನ. ಅನಂತರ ಕೆಲವೇ ಸರಳ ಮಾತುಗಳು: ದೃಶ್ಯಗಳನ್ನು ಅಷ್ಟೊಂದು ಜಟಿಲಗೊಳಿಸಬೇಡ, ನಟರನ್ನು ಎದುರಿನಿಂದ ಚಿತ್ರೀಕರಿಸು, ಅವರಿಗೂ ಅದೇ ಇಷ್ಟ, ಎಲ್ಲರೊಡನೆ ಜಗಳವಾಡಬೇಡ, ಸಿಟ್ಟಿಗೆದ್ದವರು ಕೆಲಸ ಕೆಡಿಸುತ್ತಾರೆ, ಪ್ರತಿಯೊಂದನ್ನೂ ಪ್ರಧಾನ ದೃಶ್ಯವಾಗಿಸಬೇಡ, ನೋಡುವವರಿಗೆ ಉಸಿರುಗಟ್ಟುತ್ತದೆ.

ಈ ಮಾತುಗಳ ಗುಣವನ್ನು ಗಮನಿಸಬೇಕು. ಅವು ನಾಲ್ಕು ಜನರೆದುರು ಹೇಳಿದವಲ್ಲ. ಅವುಗಳಲ್ಲಿ ಒಂದೂ ಬರ್ಗ್‌ಮನ್ನನ ಪ್ರತಿಭೆಯನ್ನು ಅಳೆಯುವ ಮಾತಲ್ಲ. ಮರುದಿನವೇ ಆಚರಣೆಗೆ ತರಬಹುದಾದಷ್ಟು ಅವು ಸ್ಪಷ್ಟ. ಎಲ್ಲಕ್ಕಿಂತ ಮಿಗಿಲಾಗಿ, ಚಿತ್ರೀಕರಣ ಇನ್ನೂ ನಡೆಯುತ್ತಿರುವಾಗ, ತಿದ್ದಿಕೊಳ್ಳಲು ಅವಕಾಶವಿರುವಾಗಲೇ ಬಂದ ಮಾತುಗಳವು.

1946ರಲ್ಲಿ ತೆರೆಕಂಡ 'ಕ್ರಿಸ್' ಸೋತಿತು. ಒಳ್ಳೆಯ ಸಲಹೆ ಕೂಡಲೇ ಗೆಲುವನ್ನು ತಂದುಕೊಡುತ್ತದೆಂಬ ಭರವಸೆಯೇನೂ ಇಲ್ಲ. ಆದರೆ ಬರ್ಗ್‌ಮನ್ ಚಿತ್ರ ಮಾಡುವುದನ್ನು ಬಿಡಲಿಲ್ಲ. 1957ರಲ್ಲಿ 'ವೈಲ್ಡ್ ಸ್ಟ್ರಾಬೆರೀಸ್' ತೆಗೆದಾಗ, ಇಸಾಕ್ ಬೋರ್ಗ್ ಎಂಬ ವೃದ್ಧ ವೈದ್ಯನ ಪಾತ್ರಕ್ಕೆ ಅವನು ಕರೆದದ್ದು ಇದೇ ಶೋಸ್ಟ್ರಮ್‌ನನ್ನು. ಆ ಹಿರಿಯ ನಟಿಸಿದ ಕೊನೆಯ ಚಲನಚಿತ್ರ ಅದು.

ಹೇಳುವ ಕ್ರಮ

ಇಂಗ್ಲೆಂಡಿನಲ್ಲಿ ಡೇವಿಡ್ ಪೆಂಡಲ್ಟನ್ ಮತ್ತು ಸಂಗಡಿಗರು 1984ರಲ್ಲಿ ವೈದ್ಯರ ತರಬೇತಿಗಾಗಿ ಒಂದು ಕ್ರಮವನ್ನು ಸೂಚಿಸಿದರು. ಮೊದಲು ಕಲಿಯುವವನೇ ತಾನು ಚೆನ್ನಾಗಿ ಮಾಡಿದ್ದೇನೆಂದು ಹೇಳಬೇಕು. ಅನಂತರ ಉಳಿದವರು ಅದಕ್ಕೆ ಸೇರಿಸಬೇಕು. ಆಮೇಲೆ ಬೇರೆ ರೀತಿಯಲ್ಲಿ ಮಾಡಬಹುದಾಗಿದ್ದುದೇನೆಂದು ಮತ್ತೆ ಅವನೇ ಹೇಳಬೇಕು, ಕೊನೆಗೆ ಇತರರು. ಇದರಲ್ಲಿ ಕೃತಕತೆಯುಂಟು: ಹೊಗಳಿಕೆ ಮುಗಿದು "ಆದರೆ" ಎಂಬ ಪದ ಯಾವಾಗ ಬರುವುದೋ ಎಂದು ಎಲ್ಲರೂ ಕಾಯುತ್ತಿರುತ್ತಾರೆ. ಆದರೂ ದೊಡ್ಡದೊಂದು ಲಾಭವಿದೆ. ತನ್ನ ಕೊರತೆಯನ್ನು ತಾನೇ ಮೊದಲು ಹೇಳಿದವರಿಗೆ ಇತರರು ಅದನ್ನೇ ಹೇಳಿದಾಗ ನೋವಾಗುವುದಿಲ್ಲ.

ಅಮೆರಿಕದ ನೃತ್ಯಸಂಯೋಜಕಿ ಲಿಜ್ ಲರ್ಮನ್ 1990ರ ಸುಮಾರಿಗೆ ಕಲಾವಿದರಿಗೆಂದು ರೂಪಿಸಿದ ಕ್ರಮ ಚಿತ್ರಗಳಿಗೆ ಇನ್ನೂ ಚೆನ್ನಾಗಿ ಒಗ್ಗುತ್ತದೆ. ಅದರಲ್ಲಿ ನಾಲ್ಕು ಹಂತಗಳು. ಮೊದಲು, ನೋಡಿದವರು ತಮ್ಮ ಮನಸ್ಸಿನಲ್ಲಿ ಉಳಿದದ್ದೇನು, ತಟ್ಟಿದ್ದೇನು ಎಂದು ಹೇಳುತ್ತಾರೆ. ಎರಡನೆಯದಾಗಿ, ಕಲಾವಿದರು ತಮಗಿರುವ ಸಂದೇಹಗಳನ್ನು ಕೇಳುತ್ತಾರೆ. ಮೂರನೆಯದಾಗಿ, ನೋಡಿದವರು ತೀರ್ಪು ಅಡಗಿರದ ಪ್ರಶ್ನೆಗಳನ್ನು ಕೇಳುತ್ತಾರೆ. ಕೊನೆಯಲ್ಲಿ, ಕಲಾವಿದರ ಅನುಮತಿ ಪಡೆದು, ಅಭಿಪ್ರಾಯ ಹೇಳುತ್ತಾರೆ.

ಮೂರನೆಯ ಹಂತ ಕೇಳಲು ಸುಲಭ, ಮಾಡಲು ಕಷ್ಟ. "ಬಸ್ ನಿಲ್ದಾಣದ ದೃಶ್ಯವನ್ನು ಯಾಕಿಷ್ಟು ಎಳೆದಿರಿ?" ಎಂಬುದು ಪ್ರಶ್ನೆಯ ವೇಷದಲ್ಲಿರುವ ತೀರ್ಪು. "ಆ ದೃಶ್ಯ ಎಷ್ಟು ಹೊತ್ತು ಇರಬೇಕೆಂದು ಹೇಗೆ ನಿರ್ಧರಿಸಿದಿರಿ?" ಎಂಬುದು ನಿಜವಾದ ಪ್ರಶ್ನೆ. ಉತ್ತರಿಸುತ್ತ ಉತ್ತರಿಸುತ್ತ ನಿರ್ದೇಶಕರಿಗೇ ಅದರ ಉದ್ದ ಹೊಳೆಯುವುದುಂಟು.

ಇಂತಹ ಕೂಟಕ್ಕೆ ಸ್ವೀಡನ್ನಿನಲ್ಲಿ ಹಳೆಯ ಮಾದರಿಯೊಂದು ಸಿದ್ಧವಾಗಿಯೇ ಇದೆ. 1902ರಲ್ಲಿ ಲುಂಡ್ ನಗರದಲ್ಲಿ ಆಸ್ಕರ್ ಉಲ್ಸನ್ ಆರಂಭಿಸಿದ ಅಧ್ಯಯನ ವೃತ್ತ, ಇಲ್ಲಿನವರ ಬಾಯಲ್ಲಿ 'ಸ್ಟೂಡಿಯೆಸಿರ್ಕಲ್'. ಕೆಲವರು ಸುತ್ತ ಕುಳಿತು ಸಮಾನರಾಗಿ ಮಾತನಾಡುತ್ತ ಕಲಿಯುವ ಈ ಪದ್ಧತಿಯಲ್ಲಿ ಬೋಧಿಸುವ ಗುರುವಿರುವುದಿಲ್ಲ. 1912ರಲ್ಲಿ ಸ್ಥಾಪನೆಯಾದ ಎಬಿಎಫ್ ಮೊದಲಾದ ಸಂಘಗಳು ಇದನ್ನು ದೇಶವಿಡೀ ಹರಡಿವೆ. ಐವತ್ತು ಜನರ ಸಭೆಗಿಂತ ಇಂತಹ ಆರೇಳು ಜನರ ಕೂಟವೇ ಕಿರುಚಿತ್ರದ ಕರಡನ್ನು ತೋರಿಸಲು ತಕ್ಕ ಸ್ಥಳ.

ಯಾವ ಹಂತದಲ್ಲಿ ಯಾವ ಮಾತು

ಚಿತ್ರಕಥೆಯ ಹಂತದಲ್ಲಿ ಕಥೆಯ ಬಗ್ಗೆ ಮಾತನಾಡಬಹುದು. ಕಾಗದದ ಮೇಲೆ ತಿದ್ದಲು ಖರ್ಚಿಲ್ಲ. ಕರಡು ಸಂಕಲನ ಸಿದ್ಧವಾದಾಗ ದೃಶ್ಯಗಳ ಕ್ರಮ, ಉದ್ದ, ಅರ್ಥವಾಗದ ಎಡೆಗಳ ಬಗ್ಗೆ ಹೇಳಬೇಕು. ಎಲ್ಲಕ್ಕೂ ಹೆಚ್ಚಿನ ಪ್ರಯೋಜನವಾಗುವುದು ಈ ಹಂತದಲ್ಲಿ. ಸಂಕಲನ ಅಂತಿಮವಾದ ಮೇಲೆ ಧ್ವನಿ, ಬಣ್ಣ, ಉಪಶೀರ್ಷಿಕೆಗಳ ಬಗ್ಗೆ ಮಾತ್ರ. ಪ್ರದರ್ಶನವಾದ ಮೇಲೆ "ನಾಯಕಿಯ ಪಾತ್ರಕ್ಕೆ ಬೇರೆಯವರಿರಬೇಕಿತ್ತು" ಎನ್ನುವುದರಿಂದ ಯಾರಿಗೂ ಉಪಯೋಗವಿಲ್ಲ. ಅದು ಶವಪರೀಕ್ಷೆ, ಚಿಕಿತ್ಸೆಯಲ್ಲ.

ಹವ್ಯಾಸಿ ಚಿತ್ರಗಳಲ್ಲಿ ನಾನು ಪದೇಪದೇ ಕಂಡ ಕೊರತೆ ಧ್ವನಿಯದು. ಚಿತ್ರ ತುಸು ಮಬ್ಬಾದರೆ ನೋಡುಗರು ಸಹಿಸುತ್ತಾರೆ. ಮಾತು ಕೇಳಿಸದಿದ್ದರೆ ಕಥೆಯಿಂದಲೇ ಹೊರಬೀಳುತ್ತಾರೆ. ಫೋನಿನ ಮೈಕು ನಟರಿಂದ ದೂರವಿರುವುದು, ಅಡುಗೆಮನೆಯ ಫ್ರಿಜ್ಜಿನ ಗುಂಯ್ ಸದ್ದು, ಹೊರಗೆ ಬೀಸುವ ಗಾಳಿ, ಇವು ಸಾಮಾನ್ಯ ಕಾರಣಗಳು. ಮುಂದಿನ ಚಿತ್ರದಲ್ಲಿ ಸುಲಭವಾಗಿ ಸರಿಪಡಿಸಬಹುದಾದ ಇಂತಹವನ್ನು ಹೇಳದಿರುವುದು ದಾಕ್ಷಿಣ್ಯವಲ್ಲ, ಅಲಕ್ಷ್ಯ. ಹೇಳುವಾಗ ಸಮಯವನ್ನು ಸೂಚಿಸಿ ಹೇಳಬೇಕು: "ಮೂರನೆಯ ನಿಮಿಷದಲ್ಲಿ ಅಜ್ಜಿಯ ಮಾತು ಕೇಳಿಸಲಿಲ್ಲ."

ದೋಷವೂ ಅದೋಷವೂ

ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ತನ್ನ ಮೊದಲ ಪರಿಚ್ಛೇದದಲ್ಲಿಯೇ ಎತ್ತಿಕೊಳ್ಳುವುದು ದೋಷಾದೋಷಗಳ ವಿಚಾರವನ್ನು. ದೋಷ ಯಾವುದೆಂದು ತಿಳಿದರೆ ಸಾಲದು, ಅದೋಷ ಯಾವುದೆಂದೂ ತಿಳಿದಿರಬೇಕೆಂಬ ಎಚ್ಚರ ನಮ್ಮ ಭಾಷೆಯಲ್ಲಿ ಅಷ್ಟು ಹಳೆಯದು. ಉಪ್ಸಾಲಾದಲ್ಲಿ ಬೆಳೆದ ಹುಡುಗಿಯ ಪಾತ್ರ ಅಜ್ಜಿಯೊಡನೆ ಸ್ವೀಡಿಷ್ ರಾಗದ ಕನ್ನಡದಲ್ಲಿ ಮಾತನಾಡಿದರೆ ಅದು ದೋಷವಲ್ಲ. ಆ ಪಾತ್ರದ ಸತ್ಯ. ಅದೇ ಹುಡುಗಿ ಮೈಸೂರಿನಲ್ಲಿ ಹುಟ್ಟಿಬೆಳೆದ ಪಾತ್ರವನ್ನು ಮಾಡುತ್ತಿದ್ದರೆ ಆಗ ತಿದ್ದಬೇಕಾದೀತು. ಹಾಗೆ ತಿದ್ದುವ ಕೆಲಸವೂ ಚಿತ್ರೀಕರಣಕ್ಕೆ ಮೊದಲು, ಮನೆಯಲ್ಲಿ, ಅಭ್ಯಾಸದ ಹೊತ್ತಿನಲ್ಲಿ ಆಗಬೇಕು.

ಕೇಳುವವರಿಗೆ

ಅಭಿಪ್ರಾಯ ಕೇಳುವವರ ಮೊದಲ ಕರ್ತವ್ಯ ಸುಮ್ಮನಿರುವುದು. "ಅದು ಹಾಗಲ್ಲ, ನಾನು ಹೇಳಹೊರಟದ್ದು..." ಎಂದು ವಿವರಿಸತೊಡಗಿದ ಕೂಡಲೇ ನೋಡುಗರು ಲಕ್ಷಣ ಹೇಳುವುದನ್ನು ನಿಲ್ಲಿಸಿ ಸಮಾಧಾನ ಹೇಳತೊಡಗುತ್ತಾರೆ. ಚಿತ್ರ ಪ್ರದರ್ಶನವಾಗುವ ಬೇರೆ ಕಡೆಗಳಲ್ಲಿ ವಿವರಿಸಲು ನೀವು ಜೊತೆಗಿರುವುದಿಲ್ಲ. ಆದ್ದರಿಂದ ಬರೆದುಕೊಳ್ಳಿ, ಯಾರು ಏನೆಂದರು, ಯಾವ ನಿಮಿಷದ ಬಗ್ಗೆ ಎಂದರು.

"ಹೇಗಿತ್ತು?" ಎಂದು ಕೇಳಿದರೆ "ಚೆನ್ನಾಗಿತ್ತು" ಎಂಬ ಉತ್ತರವೇ ಸಿಗುತ್ತದೆ. "ಎಲ್ಲಿ ಗಮನ ಬೇರೆಡೆಗೆ ಹೋಯಿತು? ಕಥೆಯನ್ನು ನಿಮ್ಮ ಮಾತಿನಲ್ಲಿ ಹೇಳಿ ನೋಡೋಣ" ಎಂದು ಕೇಳಬೇಕು. ಒಬ್ಬರು ಹೇಳಿದ್ದು ಅವರ ಅಭಿರುಚಿಯಾಗಿರಬಹುದು. ಪರಸ್ಪರ ಮಾತನಾಡದ ಮೂವರು ಒಂದೇ ಎಡೆಯನ್ನು ತೋರಿಸಿದರೆ ಅಲ್ಲಿ ನೋವಿದೆಯೆಂದೇ ತಿಳಿಯಬೇಕು. ಎಲ್ಲವನ್ನೂ ಕೇಳಿದ ಮೇಲೆ ಎರಡು ದಿನ ಏನನ್ನೂ ತಿದ್ದದೆ ಬಿಡುವುದು ಲೇಸು. ಆಮೇಲೂ ಒಪ್ಪಿಗೆಯಾಗದ ಸಲಹೆಯನ್ನು ವಿನಯದಿಂದ ಕೈಬಿಡುವ ಹಕ್ಕು ನಿಮಗಿದೆ.

ನೋಡುವುದನ್ನೂ ಕಲಿಯಬೇಕು

ಅಭಿಪ್ರಾಯ ಹೇಳುವುದು ಹುಟ್ಟಿನಿಂದ ಬರುವ ವಿದ್ಯೆಯಲ್ಲ. ಕೆ. ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲಿ ಹೆಗ್ಗೋಡಿನಂತಹ ಹಳ್ಳಿಯಲ್ಲಿ ಚಿತ್ರಸಮಾಜವನ್ನು ಕಟ್ಟಿತು. ಪುಣೆಯ ಚಲನಚಿತ್ರ ಸಂಸ್ಥೆಯ ಸತೀಶ್ ಬಹಾದ್ದೂರ್ ಅಲ್ಲಿಗೆ ಬಂದು ಚಿತ್ರ ರಸಗ್ರಹಣ ಶಿಬಿರಗಳನ್ನು ನಡೆಸಿದರು. ಅಡಕೆ ತೋಟದ ನಡುವಿನ ಊರಿನಲ್ಲಿ ಜಗತ್ತಿನ ಚಿತ್ರಗಳನ್ನು ನೋಡಿ ಚರ್ಚಿಸುವುದು ಸಾಧ್ಯವಾಯಿತೆಂದರೆ, 1982ರಿಂದ ಅಂತರರಾಷ್ಟ್ರೀಯ ಕಿರುಚಿತ್ರೋತ್ಸವ ನಡೆಯುತ್ತಿರುವ ಉಪ್ಸಾಲಾದಲ್ಲಿ, 1979ರಿಂದ ಚಿತ್ರೋತ್ಸವವಿರುವ ಗೋಥೆನ್‌ಬರ್ಗಿನಲ್ಲಿ ಇರುವ ನಮಗೆ ಅದು ಅಸಾಧ್ಯವೇನಲ್ಲ. ತಿಂಗಳಿಗೊಮ್ಮೆ ನಾಲ್ಕು ಮನೆಯವರು ಸೇರಿ ಎರಡು ಕಿರುಚಿತ್ರ ನೋಡಿ, ಲರ್ಮನ್ನರ ನಾಲ್ಕು ಹಂತಗಳಲ್ಲಿ ಮಾತನಾಡಿದರೆ ಸಾಕು. ಮೊದಲು ಅಪರಿಚಿತರ ಚಿತ್ರಗಳ ಮೇಲೆ ಅಭ್ಯಾಸ ಮಾಡಿಕೊಂಡರೆ, ನಮ್ಮವರ ಚಿತ್ರ ಬಂದಾಗ ನಾಲಿಗೆ ಹದಕ್ಕೆ ಬಂದಿರುತ್ತದೆ. ಆ ಕೂಟದಲ್ಲಿ ಮಕ್ಕಳಿಗೂ ಜಾಗವಿರಲಿ, ಅವರಿಗೆ ಮಾತನಾಡುವ ಸರದಿ ಮೊದಲು ಬರಲಿ.