ಅಫೇಸಿಯಾ ಮತ್ತು ಚಿಕಿತ್ಸಾ ಭಾಷಾವಿಜ್ಞಾನ

ಅಫೇಸಿಯಾ ಎಂಬುದು ಮೆದುಳಿಗೆ ಹಾನಿಯಾದಾಗ ಉಂಟಾಗುವ ಭಾಷಾ ನ್ಯೂನತೆ. ಪಾರ್ಶ್ವವಾಯು ಇದರ ಮುಖ್ಯ ಕಾರಣ. ತಲೆಗೆ ಬಿದ್ದ ಪೆಟ್ಟು ಹಾಗೂ ಮೆದುಳಿನ ಗೆಡ್ಡೆಗಳಿಂದಲೂ ಇದು ಬರಬಹುದು. ಮಾತು, ಗ್ರಹಿಕೆ, ಓದು, ಬರಹ ಇವುಗಳಿಗೆ ಹೆಚ್ಚುಕಡಿಮೆ ಪ್ರಮಾಣದಲ್ಲಿ ಅಡ್ಡಿಯಾಗುತ್ತದೆ. ಮಾತು ಕೆಟ್ಟಿತೆಂದ ಮಾತ್ರಕ್ಕೆ ಬುದ್ಧಿ ಕೆಟ್ಟಿತೆಂದು ಅರ್ಥವಲ್ಲ. ಭಾಷೆಯ ಯಾವ ಅಂಶ ಕೆಟ್ಟಿದೆ, ಯಾವುದು ಉಳಿದಿದೆ ಎಂಬುದನ್ನು ಗುರುತಿಸಿ ಚಿಕಿತ್ಸೆಗೆ ನೆರವಾಗುವ ಶಾಖೆಗೆ ಚಿಕಿತ್ಸಾ ಭಾಷಾವಿಜ್ಞಾನ ಎಂದು ಹೆಸರು.

ಇತಿಹಾಸ

ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ 1861ರಲ್ಲಿ, ಹೆಚ್ಚಾಗಿ ‘ಟಾನ್’ ಎಂದಷ್ಟೇ ನುಡಿಯುತ್ತಿದ್ದ ರೋಗಿಯೊಬ್ಬನ ಮೆದುಳನ್ನು ಆತನ ಮರಣಾನಂತರ ಪರೀಕ್ಷಿಸಿ, ಎಡಗಡೆಯ ಮುಂಭಾಗದಲ್ಲಿ ಹಾನಿಯಿರುವುದನ್ನು ತೋರಿಸಿದರು. 1874ರಲ್ಲಿ ಕಾರ್ಲ್ ವರ್ನಿಕೆ, ಸರಾಗವಾಗಿ ಮಾತನಾಡಿದರೂ ಇತರರ ಮಾತನ್ನು ಗ್ರಹಿಸಲಾರದ ರೋಗಿಗಳನ್ನು ವಿವರಿಸಿದರು. ಭಾಷಾವಿಜ್ಞಾನಿ ರೋಮನ್ ಯಾಕಬ್ಸನ್ 1956ರಲ್ಲಿ, ಪದಗಳನ್ನು ಆಯುವ ಶಕ್ತಿ ಮತ್ತು ಅವುಗಳನ್ನು ಜೋಡಿಸುವ ಶಕ್ತಿ ಬೇರೆಬೇರೆಯಾಗಿ ಕುಂದಬಹುದೆಂದು ಪ್ರತಿಪಾದಿಸಿದರು.

ಪರೀಕ್ಷೆ

ಮಾತಿನ ಸರಾಗತೆ, ಗ್ರಹಿಕೆ, ಪುನರುಚ್ಚಾರ ಮತ್ತು ವಸ್ತುಗಳನ್ನು ಹೆಸರಿಸುವ ಸಾಮರ್ಥ್ಯವನ್ನು ಪರೀಕ್ಷಿಸಲಾಗುತ್ತದೆ. ತಪ್ಪುಗಳ ಎಣಿಕೆಗಿಂತ ಅವುಗಳ ಸ್ವರೂಪ ಮುಖ್ಯ. ಚಮಚದ ಚಿತ್ರವನ್ನು ನೋಡಿ ಒಬ್ಬರು ‘ತಟ್ಟೆ’ ಎಂದರೆ ಅದು ಅರ್ಥದ ಮಟ್ಟದ ದೋಷ. ಇನ್ನೊಬ್ಬರು ‘ಮಚಚ’ ಎಂದರೆ ಅದು ಧ್ವನಿಗಳ ಜೋಡಣೆಯ ದೋಷ. ಅಂಕ ಒಂದೇ ಆದರೂ ಇಬ್ಬರಿಗೂ ಬೇಕಾದ ಚಿಕಿತ್ಸೆ ಬೇರೆ.

ಒಂದು ಭಾಷೆಯ ಪರೀಕ್ಷೆಯನ್ನು ಇನ್ನೊಂದಕ್ಕೆ ಕೇವಲ ಅನುವಾದಿಸಿದರೆ ಸಾಲದು. ಇಂಗ್ಲಿಷಿನಲ್ಲಿ ಕರ್ತೃ ಯಾರೆಂಬುದನ್ನು ಹೆಚ್ಚಾಗಿ ಪದಕ್ರಮವೇ ತಿಳಿಸುತ್ತದೆ. ಕನ್ನಡದಲ್ಲಿ ಆ ಕೆಲಸವನ್ನು ವಿಭಕ್ತಿ ಪ್ರತ್ಯಯ ಮಾಡುತ್ತದೆ. ‘ಹುಲಿ ಆನೆಯನ್ನು ಓಡಿಸಿತು’, ‘ಹುಲಿಯನ್ನು ಆನೆ ಓಡಿಸಿತು’ ಎಂಬ ವಾಕ್ಯಗಳಲ್ಲಿ ಪದಕ್ರಮ ಒಂದೇ, ಅರ್ಥ ತದ್ವಿರುದ್ಧ. ಪ್ರತ್ಯಯವನ್ನು ಗ್ರಹಿಸಲಾಗದವರು ಎರಡಕ್ಕೂ ಒಂದೇ ಚಿತ್ರವನ್ನು ತೋರಿಸಬಹುದು. ಆದ್ದರಿಂದ ಕನ್ನಡಿಗರ ಪರೀಕ್ಷೆಯು ಕನ್ನಡದ ವ್ಯಾಕರಣವನ್ನೇ ಆಧರಿಸಿರಬೇಕಾಗುತ್ತದೆ. ವೆಸ್ಟರ್ನ್ ಅಫೇಸಿಯಾ ಬ್ಯಾಟರಿ ಎಂಬ ಪ್ರಸಿದ್ಧ ಪರೀಕ್ಷೆಯ ಕನ್ನಡ ರೂಪವೂ ಇದೆ.

ಚಿಕಿತ್ಸೆ

ದೋಷವು ಅರ್ಥದ ಮಟ್ಟದಲ್ಲಿದ್ದರೆ ವಸ್ತುವಿನ ಉಪಯೋಗ, ಆಕಾರ, ಇರುವ ಸ್ಥಳ ಮುಂತಾದವನ್ನು ಕೇಳಿ ಪದದೆಡೆಗೆ ಕರೆತರಲಾಗುತ್ತದೆ. ಪದದ ಧ್ವನಿರೂಪ ನೆನಪಿಗೆ ಬಾರದಿದ್ದರೆ ಮೊದಲ ಅಕ್ಷರದ ಸುಳಿವು ಕೊಡಲಾಗುತ್ತದೆ. ವಾಕ್ಯರಚನೆ ಕುಂದಿದ್ದರೆ ಕ್ರಿಯಾಪದವನ್ನು ಮುಂದಿಟ್ಟು ‘ಯಾರು?’, ‘ಏನನ್ನು?’, ‘ಎಲ್ಲಿ?’ ಎಂಬ ಪ್ರಶ್ನೆಗಳ ಮೂಲಕ ವಾಕ್ಯ ಕಟ್ಟಿಸಲಾಗುತ್ತದೆ.

ಹಲವು ಭಾಷೆ ಬಲ್ಲವರಲ್ಲಿ ಎಲ್ಲ ಭಾಷೆಗಳೂ ಯಾವಾಗಲೂ ಸಮಾನವಾಗಿ ಚೇತರಿಸಿಕೊಳ್ಳುತ್ತವೆ ಎನ್ನಲಾಗದು. ಹೀಗಾಗಿ ರೋಗಿಯು ಮನೆಯಲ್ಲಿ, ಕೆಲಸದಲ್ಲಿ ಯಾವ ಭಾಷೆ ಬಳಸುತ್ತಿದ್ದರೆಂಬುದನ್ನು ಕುಟುಂಬದವರಿಂದ ತಿಳಿದುಕೊಳ್ಳುವುದು ಅಗತ್ಯ. ಕರ್ನಾಟಕದಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ಕ್ಷೇತ್ರದಲ್ಲಿ ಶಿಕ್ಷಣ, ಸಂಶೋಧನೆ ಹಾಗೂ ಚಿಕಿತ್ಸೆಯಲ್ಲಿ ತೊಡಗಿದೆ.